ಮೇರ್ಸ್‌ಬುರ್ಗಿನಲ್ಲಿ ಒಂದು ದಿನ



ಎಲ್ಲರೂ ಹೋಗುವ ಊರಿಗೆ ನಾನು ಹೋಗಬಾರದೆಂಬುದು ನನ್ನ ಬಹುದಿನದ ಹಟ. ಜನರು ಜಾತ್ರೆಯಂತೆ ನೆರೆಯುವ ಕಡೆ ನೋಡುವುದಕ್ಕೆ ಉಳಿದಿರುವುದು ಜನರೇ ಹೊರತು ಬೇರೇನೂ ಅಲ್ಲವೆಂದು ನಾನು ವಾದಿಸುತ್ತಿದ್ದೆನು. ಆದರೆ ಮನೆಯವರ ಮುಂದೆ ಇಂಥ ವಾದವನ್ನು ಗೆದ್ದ ಗೃಹಸ್ಥನನ್ನು ನಾನು ಇನ್ನೂ ಕಂಡಿಲ್ಲ. ಆದುದರಿಂದಲೇ, ಜುಲೈ ತಿಂಗಳ ಕೊನೆಯ ಒಂದು ಶನಿವಾರ, ಅರ್ಧ ಜರ್ಮನಿಯೇ ರಜಕ್ಕೆ ಹೊರಟಂತಿದ್ದ ರೈಲಿನಲ್ಲಿ, ನಾನು, ನನ್ನಾಕೆ, ಮಗ, ಸೊಸೆ ಮತ್ತು ಆರು ವರ್ಷದ ಮೊಮ್ಮಗಳು ಬೋಡೆನ್‌ಜೇ ಎಂಬ ಮಹಾಸರೋವರದ ಕಡೆಗೆ ಹೊರಟೆವು. ಆ ದಿನದ ಕಥೆಯನ್ನು ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಕಥೆಗೆ ಮುನ್ನ ಒಂದು ಮನೆಮಾತನ್ನು ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗದು. ನಾವು ಬೆಂಗಳೂರಿನಿಂದ ಸ್ಟುಟ್‌ಗಾರ್ಟಿನ ಮಗನ ಮನೆಗೆ ಹೋಗಿ ಆಗ ಮೂರು ವಾರವಾಗಿದ್ದಿತು. ಹೋದ ದಿನದಿಂದಲೂ ನನ್ನಾಕೆಯದು ಒಂದು ನಿಯಮ: ನಲ್ಲಿಯ ನೀರನ್ನು ಪಾತ್ರೆಯಲ್ಲಿ ಹಿಡಿದು, ಮಳ್ಳುವಂತೆ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಊರಿನಿಂದ ತಂದಿದ್ದ ತಂಬಿಗೆಯಲ್ಲಿ ತುಂಬಿಡುವುದು. "ಇಲ್ಲಿ ನಲ್ಲಿಯ ನೀರನ್ನೇ ಕುಡಿಯುತ್ತಾರಮ್ಮ" ಎಂದು ಮಗ ಎರಡು ಬಾರಿ ಹೇಳಿದನು, ಆಮೇಲೆ ಸುಮ್ಮನಾದನು. ಸೊಸೆ ಒಂದು ಮಾತನ್ನೂ ಆಡಲಿಲ್ಲ. ಆದರೆ ಒಂದು ರಾತ್ರಿ ನಡುಮನೆಯಲ್ಲಿ ನಾನು ಕನ್ನಡಕವನ್ನು ಹುಡುಕುತ್ತಿದ್ದಾಗ, "ಅತ್ತೆಯವರಿಗೆ ನಮ್ಮ ಮನೆಯ ನೀರು ಕೂಡ ಹಿಡಿಸಲಿಲ್ಲ" ಎಂದು ಆಕೆ ಗಂಡನಿಗೆ ಹೇಳಿದುದು ನನ್ನ ಕಿವಿಗೆ ಬಿದ್ದಿತು. ಆ "ಕೂಡ" ಎಂಬ ಶಬ್ದದಲ್ಲಿ ಎಷ್ಟೆಷ್ಟು ಅಡಗಿದ್ದಿತೋ ನಾನು ಬಲ್ಲೆ. ನಾನು ಈ ಮಾತನ್ನು ಯಾರಿಗೂ ಹೇಳಲಿಲ್ಲ.

ಉಲ್ಮ್ ಪಟ್ಟಣದ ಮೂಲಕ ಸುಮಾರು ಎರಡೂವರೆ ಗಂಟೆಯ ಪ್ರಯಾಣವಾದ ಮೇಲೆ ಫ್ರೀಡ್ರಿಶ್‌ಹಾಫೆನ್ ಬಂದಿತು. ೧೯೦೦ನೆಯ ಇಸವಿಯ ಜುಲೈ ೨ರಂದು ಕೌಂಟ್ ಜೆಪ್ಪೆಲಿನ್‌ನ ಮೊದಲನೆಯ ವಾಯುನೌಕೆ ಮೇಲೆದ್ದುದು ಇದೇ ಊರಿನ ಬಳಿಯ ನೀರಿನಿಂದ. ಇಲ್ಲಿ ಉಗಿಯಂತ್ರದ ಕಾಲದಿಂದಲೂ ನಡೆದುಬಂದಿರುವ ಪ್ರಯಾಣದ ಹಡಗುಗಳುಂಟು. ನಾವು ಒಂದನ್ನು ಹತ್ತಿ ಮೇರ್ಸ್‌ಬುರ್ಗಿನ ಕಡೆಗೆ ಸಾಗಿದೆವು.

ನೀರಿನ ಮೇಲೆ ಬಂದೊಡನೆ ನನ್ನ ಹಟ ಅರ್ಧ ಸಡಿಲಿತು. ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದ, ಅತ್ಯಂತ ಆಳದಲ್ಲಿ ೨೫೦ ಮೀಟರ್. ಆಲ್ಪ್ಸ್ ಪರ್ವತದಿಂದ ಇಳಿದುಬಂದ ರೈನ್ ನದಿ ಒಂದು ಕೊನೆಯಲ್ಲಿ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುತ್ತದೆ. ದಕ್ಷಿಣಕ್ಕೆ ಸ್ವಿಟ್ಜರ್ಲೆಂಡಿನ ಹಿಮಶಿಖರಗಳು ಮಬ್ಬಿನಲ್ಲಿ ತೇಲುವಂತಿದ್ದವು. ಮೊಮ್ಮಗಳು ನನ್ನ ತೊಡೆಯ ಮೇಲೆ ಕುಳಿತು ನನಗೆ ಪಾಠ ಹೇಳಿದಳು: "ತಾತ, 'ಜೇ' ಗಂಡಾದರೆ ಸರೋವರ, ಹೆಣ್ಣಾದರೆ ಸಮುದ್ರ." ಜರ್ಮನ್ ವ್ಯಾಕರಣದ ಲಿಂಗಭೇದಗಳಲ್ಲಿ ಇಂದಿಗೂ ನನಗೆ ಗಟ್ಟಿಯಾಗಿ ನೆನಪಿರುವುದು ಇದೊಂದೇ.

ದಾರಿಯಲ್ಲಿ ಹಾಗ್‌ನೌ ಎಂಬ ಹಳ್ಳಿ ಸಿಕ್ಕಿತು. ೧೯೬೩ರ ಫೆಬ್ರವರಿಯಲ್ಲಿ ಈ ಸರೋವರವೆಲ್ಲ ದಡದಿಂದ ದಡಕ್ಕೆ ಹೆಪ್ಪುಗಟ್ಟಿದ್ದಿತು. ಆಗ ಹಾಗ್‌ನೌ ಜನರು ಸಂತ ಯೋಹಾನನ ಒಂದು ಪ್ರತಿಮೆಯನ್ನು ಹೊತ್ತು, ಮೆರವಣಿಗೆಯಾಗಿ ಮಂಜಿನ ಮೇಲೆ ನಡೆದು, ಎದುರು ದಡದ ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಸ್ವಿಸ್ ಊರಿಗೆ ಒಪ್ಪಿಸಿ ಬಂದರು. ಅದಕ್ಕೆ ಹಿಂದೆ ಅದು ಹೀಗೆಯೇ ದಾಟಿ ಈಚೆಗೆ ಬಂದುದು ೧೮೩೦ರಲ್ಲಿ. ಮತ್ತೆ ಸರೋವರ ಪೂರ್ತಿಯಾಗಿ ಹೆಪ್ಪುಗಟ್ಟಿದಾಗ ಪ್ರತಿಮೆ ಹಿಂದಿರುಗಬೇಕೆಂಬುದು ಸಂಪ್ರದಾಯ. ಆರು ದಶಕಗಳು ಕಳೆದುವು. ಅಂಥ ಚಳಿ ಮರಳಿ ಬರಲಿಲ್ಲ. ಭೂಮಿ ಕಾವೇರುತ್ತಿರುವ ಈ ಕಾಲದಲ್ಲಿ ಆ ಸಂತನು ಸ್ವಿಟ್ಜರ್ಲೆಂಡಿನಲ್ಲಿಯೇ ನಿಲ್ಲಬೇಕಾದೀತೋ ಏನೋ!

ಮೇರ್ಸ್‌ಬುರ್ಗ್ ಸುಮಾರು ಆರು ಸಾವಿರ ಜನರ ಊರು. ಒಂದು ಗುಡ್ಡದ ಮೇಲೆ ಮೇಲೂರು, ನೀರಿನ ಅಂಚಿಗೆ ಕೆಳಗಿನೂರು, ನಡುವೆ ಕಡಿದಾದ ಕಲ್ಲುಹಾಸಿನ ಓಣಿ. ಸುತ್ತಲೂ ದ್ರಾಕ್ಷಿಯ ತೋಟಗಳು. ನಾವು ಇಳಿದ ಕೂಡಲೆ ನನ್ನ ಪೂರ್ವದ ಅಭಿಪ್ರಾಯಕ್ಕೆ ಬೇಕಾದ ಸಾಕ್ಷ್ಯವೆಲ್ಲ ದೊರೆಯಿತು. ದಡದುದ್ದಕ್ಕೂ ಊಟದ ಮೇಜುಗಳು, ಐಸ್‌ಕ್ರೀಮಿಗೆ ಸಾಲು ನಿಂತ ಮಕ್ಕಳು, ಅಂಗಡಿಗಳಲ್ಲಿ ಊರಿನ ಹೆಸರು ಬರೆದ ಬಟ್ಟಲು, ಚೀಲ, ಗಂಟೆ, ಗೊಂಬೆ. ಮುಖ ತೊಳೆದುಕೊಂಡು ಬರುವುದಕ್ಕೂ ನಾಣ್ಯ ಹಾಕಬೇಕು. "ನಾನು ಹೇಳಿರಲಿಲ್ಲವೆ?" ಎಂದು ಮಗನ ಮುಖವನ್ನು ನೋಡಿದೆನು. ಅವನು ಬೇರೆ ಕಡೆ ನೋಡಿದನು.

ಓಣಿಯನ್ನು ಹತ್ತಿ ಮೇಲೂರಿನ ಹಳೆಯ ಕೋಟೆಗೆ ಹೋದೆವು. ಜರ್ಮನಿಯಲ್ಲಿ ಇಂದಿಗೂ ಜನರು ವಾಸಿಸುತ್ತಿರುವ ಕೋಟೆಗಳಲ್ಲಿ ಇದೇ ಅತ್ಯಂತ ಪುರಾತನವೆಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಎದುರು ದಡದ ಕೊನ್‌ಸ್ಟಾಂಟ್ಸ್ ನಗರವು ಮತಸುಧಾರಣೆಯ ಕಡೆಗೆ ವಾಲಿದಾಗ, ಅಲ್ಲಿಯ ಪ್ರಭು-ಬಿಷಪ್ಪರು ೧೫೨೬ರಲ್ಲಿ ಇಲ್ಲಿಗೆ ಬಂದು ನೆಲಸಿದರು. ೧೮೦೩ರಲ್ಲಿ ಅವರ ಪ್ರಭುತ್ವ ಮುಗಿಯುವವರೆಗೂ ಇದು ಅವರ ರಾಜಧಾನಿಯಂತಿದ್ದಿತು. ಕೋಟೆಯಲ್ಲಿ ಈಟಿ, ಕವಚ, ಸೆರೆಮನೆಗಳನ್ನು ನೋಡಿ ಮೊಮ್ಮಗಳು ಹಿಗ್ಗಿದಳು. ನನ್ನ ಮನಸ್ಸು ನಿಂತುದು ಒಂದು ಸಣ್ಣ ಕೋಣೆಯಲ್ಲಿ. ಆನ್ನೆಟ್ ಫೊನ್ ಡ್ರೋಸ್ಟೆ-ಹ್ಯೂಲ್ಸ್‌ಹೋಫ್ ಎಂಬ ಕವಯಿತ್ರಿ ೧೮೪೮ರಲ್ಲಿ ಕಣ್ಣುಮುಚ್ಚಿದುದು ಈ ಕೋಟೆಯಲ್ಲಿ. ಆಕೆ ಈ ಊರಿನವಳಲ್ಲ. ದೂರದ ವೆಸ್ಟ್‌ಫಾಲಿಯ ಪ್ರಾಂತದವಳು. ಕೋಟೆಯನ್ನು ಕೊಂಡಿದ್ದವನು ಆಕೆಯ ಅಕ್ಕನ ಗಂಡ. ಅವಿವಾಹಿತೆಯೂ ಅಸ್ವಸ್ಥಳೂ ಆಗಿದ್ದ ಆಕೆ ೧೮೪೧ರಲ್ಲಿ ಅಕ್ಕನ ಮನೆಗೆ ಅತಿಥಿಯಾಗಿ ಬಂದಳು. ಆ ಚಳಿಗಾಲದಲ್ಲಿಯೇ ತನ್ನ ಉತ್ತಮ ಕವಿತೆಗಳಲ್ಲಿ ಅನೇಕವನ್ನು ಬರೆದಳು. ೧೮೪೩ರಲ್ಲಿ ದ್ರಾಕ್ಷಿತೋಟದ ನಡುವೆ ತನಗಾಗಿ ಒಂದು ಪುಟ್ಟ ಮನೆಯನ್ನು ಹರಾಜಿನಲ್ಲಿ ಕೊಂಡಳು. ಯೂರೋ ಬರುವುದಕ್ಕೆ ಮುನ್ನ ಜರ್ಮನಿಯಲ್ಲಿ ನಡೆಯುತ್ತಿದ್ದ ಇಪ್ಪತ್ತು ಮಾರ್ಕಿನ ನೋಟಿನ ಮೇಲೆ ಇದ್ದುದು ಈಕೆಯ ಮುಖವೇ.

ನನ್ನಾಕೆ ಆ ಕೋಣೆಯ ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದು, "ಎಷ್ಟು ದೊಡ್ಡ ಕೋಟೆಯಾದರೇನು, ನೆಂಟರ ಮನೆ ನೆಂಟರ ಮನೆಯೇ. ಅದಕ್ಕೇ ಪಾಪ, ಬೇರೆ ಮನೆ ಮಾಡಬೇಕೆಂದಿದ್ದಾಳೆ" ಎಂದಳು. ಸೊಸೆ ನೆಲವನ್ನು ನೋಡುತ್ತಿದ್ದಳು. ನಾನು ಅವಸರದಿಂದ ಊಟದ ಮಾತೆತ್ತಿದೆನು.

ಕೆಳಗಿನೂರಿನಲ್ಲಿ ಒಂದು ಊಟದ ಮನೆಯ ಹೊರಗೆ ಹಲಗೆಯ ಮೇಲೆ ಮೀನಿನ ಚಿತ್ರವನ್ನು ಬಿಡಿಸಿದ್ದರು. ನಾವು ಶಾಕಾಹಾರಿಗಳು, ಆದರೂ ಮಗನು ಅದರ ಕಥೆಯನ್ನು ಹೇಳಿದನು. ಫೆಲ್ಶೆನ್ ಎಂಬ ಆ ಬಿಳಿಯ ಮೀನು ಈ ನೀರಿನ ಹೆಸರಾಂತ ಬೆಳೆ. ಅದು ಈಚೆಗೆ ಎಷ್ಟು ಕಡಮೆಯಾಯಿತೆಂದರೆ ಸರೋವರದ ದೊಡ್ಡ ಭಾಗದಲ್ಲಿ ೨೦೨೪ರ ಮೊದಲಿನಿಂದ ಮೂರು ವರ್ಷದ ಮಟ್ಟಿಗೆ ಅದನ್ನು ಹಿಡಿಯುವುದನ್ನೇ ನಿಷೇಧಿಸಿದರು. "ಹಾಗಾದರೆ ನೀರು ಕೆಟ್ಟಿದೆಯೆ?" ಎಂದು ನನ್ನಾಕೆ ಕೂಡಲೆ ಕೇಳಿದಳು.

"ಇಲ್ಲಮ್ಮ, ಒಂದು ಕಾರಣ ನೀರು ಬಹಳ ಶುದ್ಧವಾದುದೇ" ಎಂದನು ಮಗ.

ಇದು ಹಾಸ್ಯವೆಂದು ನಾನು ತಿಳಿದೆನು, ಅಲ್ಲ. ದಡದ ಒಂದು ಬೆಂಚಿನ ಮೇಲೆ ಕುಳಿತು, ಮನೆಯಿಂದ ತಂದಿದ್ದ ಚಪಾತಿಯ ಗಂಟನ್ನು ಬಿಚ್ಚಿಕೊಂಡು, ನಾವು ಅದರ ವಿವರವನ್ನು ಕೇಳಿದೆವು. ಎರಡನೆಯ ಮಹಾಯುದ್ಧದ ತರುವಾಯ ಊರುಗಳ ಕೊಳೆನೀರೂ ಬಟ್ಟೆ ಒಗೆಯುವ ಪುಡಿಗಳಲ್ಲಿದ್ದ ರಂಜಕದ ಲವಣಗಳೂ ಇದರೊಳಕ್ಕೆ ಹರಿದು, ನೀರಿನಲ್ಲಿ ಪಾಚಿ ಹೆಚ್ಚಿ, ಆಳದಲ್ಲಿ ಪ್ರಾಣವಾಯು ಕಡಮೆಯಾಗತೊಡಗಿದ್ದಿತು. ಈ ಸರೋವರವನ್ನು ಸುತ್ತುವರಿದಿರುವುದು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಎಂಬ ಮೂರು ದೇಶಗಳು. ಇದರ ದೊಡ್ಡ ಭಾಗದಲ್ಲಿ ಯಾರ ಗಡಿ ಎಲ್ಲಿಯದೆಂಬುದನ್ನು ಆ ಮೂವರೂ ಕುಳಿತು ಗೊತ್ತುಮಾಡಿದ ಒಪ್ಪಂದ ಇಂದಿಗೂ ಇಲ್ಲ. ಆದರೆ ೧೯೫೯ರಲ್ಲಿ ದಡದ ರಾಜ್ಯಗಳೆಲ್ಲ ಸೇರಿ ನೀರಿನ ರಕ್ಷಣೆಗಾಗಿ ಒಂದು ಆಯೋಗವನ್ನು ಸ್ಥಾಪಿಸಿದುವು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ವಿಷಯದಲ್ಲಿ ಒಮ್ಮತವಿಲ್ಲದವರು, ಕೊಳೆಯನ್ನು ಬಿಡಬಾರದೆಂಬ ವಿಷಯದಲ್ಲಿ ಒಂದಾದರು! ಊರೂರಿಗೂ ಕೊಳೆನೀರನ್ನು ಶೋಧಿಸುವ ಕಾರ್ಖಾನೆಗಳು ಬಂದುವು. ೧೯೭೦ರ ದಶಕದ ಕೊನೆಯಲ್ಲಿ ಲೀಟರೊಂದಕ್ಕೆ ಎಂಬತ್ತು ಮೈಕ್ರೋಗ್ರಾಮಿಗೂ ಮಿಕ್ಕಿದ್ದ ರಂಜಕ ಈಗಿನ ಶತಮಾನದಲ್ಲಿ ಹತ್ತಕ್ಕಿಂತ ಕೆಳಗಿಳಿಯಿತು. ಪಾಚಿ ಹೋಯಿತು, ಪಾಚಿಯನ್ನು ನಂಬಿದ್ದ ಸೂಕ್ಷ್ಮಜೀವಿಗಳು ಕಡಮೆಯಾದುವು, ಅವುಗಳನ್ನು ತಿನ್ನುವ ಮೀನು ಬಡವಾಯಿತು. ಹೊರಗಿನಿಂದ ಬಂದು ಹಬ್ಬಿದ ಒಂದು ಚಿಪ್ಪುಜೀವಿಯೂ ಮುಳ್ಳಿನ ಒಂದು ಸಣ್ಣ ಮೀನೂ ಅದರ ಕಷ್ಟವನ್ನು ಹೆಚ್ಚಿಸಿದುವು. ತಲೆತಲಾಂತರದಿಂದ ಬಲೆ ಬೀಸಿದ ಬೆಸ್ತರ ಮನೆಗಳು ಒಂದೊಂದಾಗಿ ಕಸುಬನ್ನು ಬಿಡುತ್ತಿವೆ. ಒಳ್ಳೆಯ ಕೆಲಸದ ಬೆಲೆಯನ್ನು ಕೆಲವೊಮ್ಮೆ ಅದರಲ್ಲಿ ತಪ್ಪೇನೂ ಮಾಡದವರು ತೆರಬೇಕಾಗುತ್ತದೆ.

"ಇಷ್ಟೆಲ್ಲ ಪಾಡು ಸ್ನಾನಕ್ಕೆ ಬರುವವರಿಗಾಗಿಯೆ?" ಎಂದಳು ನನ್ನಾಕೆ. ನಮ್ಮ ಮುಂದೆಯೇ ಮಕ್ಕಳು ನೀರಿಗೆ ಧುಮುಕುತ್ತಿದ್ದರು.

"ಕುಡಿಯುವವರಿಗಾಗಿ ಅಮ್ಮ. ನೀನು ದಿನವೂ ಕಾಯಿಸುತ್ತೀಯಲ್ಲ, ಆ ನೀರು ಇದೇ."

ಆಕೆ ಚಪಾತಿಯನ್ನು ಕೈಯಲ್ಲಿಯೇ ಹಿಡಿದು ನೀರನ್ನು ನೋಡಿದಳು. ದೋಣಿಗಳು, ಬಾತುಗಳು, ಈಜುವವರು: ನೋಡಿದವರಿಗೆ ನಂಬಿಕೆ ಹುಟ್ಟುವಂಥ ದೃಶ್ಯವೇನೂ ಅಲ್ಲ. ಮಗನು ವಿವರಿಸಿದನು. ಇದೇ ದಡದಲ್ಲಿ ಇನ್ನೂ ಮುಂದೆ, ಸಿಪ್ಲಿಂಗೆನ್ ಎಂಬಲ್ಲಿ, ಅರವತ್ತು ಮೀಟರ್ ಆಳದಿಂದ ನೀರನ್ನು ಎತ್ತುತ್ತಾರೆ. ಬೇಸಗೆಯಲ್ಲಿಯೂ ಅಲ್ಲಿ ಅದು ಮಂಜಿನಂತೆ ತಣ್ಣಗಿರುತ್ತದೆ. ಮೇಲಿನ ಈಜಾಟದ ಸುದ್ದಿ ಅದಕ್ಕೆ ತಿಳಿಯದು. ಅಲ್ಲಿಂದ ಮುನ್ನೂರು ಮೀಟರ್ ಎತ್ತರದ ಬೆಟ್ಟಕ್ಕೆ ಏರಿಸಿ, ಸಣ್ಣ ಜರಡಿಗಳಲ್ಲಿ ಹಾಯಿಸಿ, ಓಜೋನ್ ಅನಿಲದಿಂದ ಶುದ್ಧಮಾಡಿ, ಮರಳಿನಲ್ಲಿ ಸೋಸಿ, ಕೊಳವೆಗಳಲ್ಲಿ ಉತ್ತರಕ್ಕೆ ಕಳುಹಿಸುತ್ತಾರೆ. ಸ್ಟುಟ್‌ಗಾರ್ಟಿಗೆ ಈ ನೀರು ೧೯೫೮ರಲ್ಲಿ ತಲುಪಿತು. ಇಂದು ಸುಮಾರು ನಾಲ್ವತ್ತು ಲಕ್ಷ ಜನರು ಇದನ್ನು ಕುಡಿಯುತ್ತಾರೆ.

ಆಗ ಸೊಸೆ ಮೂರು ವಾರಗಳಲ್ಲಿ ಮೊದಲನೆಯ ಬಾರಿಗೆ ಆ ವಿಷಯದಲ್ಲಿ ಬಾಯಿ ತೆರೆದಳು. "ಅತ್ತೆ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆರು ತಿಂಗಳು ನೀರು ಕಾಯಿಸಿದೆ. ಇವರು ಕಚೇರಿಗೆ ಹೋದ ಮೇಲೆ, ಇವರಿಗೆ ತಿಳಿಯದಂತೆ."

ಮಗ ಬೆರಗಾಗಿ ಹೆಂಡತಿಯನ್ನು ನೋಡಿದನು. ನನ್ನಾಕೆ ಮೊದಲು ಸುಮ್ಮನಿದ್ದಳು. ಆಮೇಲೆ ನಗು ಬಂದಿತು. ನಗು ಬಂದ ಮೇಲೆ ನಿಲ್ಲಲಿಲ್ಲ. "ಅಲ್ಲ ಕಣೆ ತಾಯಿ, ಮೊದಲೇ ಹೇಳಬಾರದಾಗಿತ್ತೆ?" ಎಂದಳು.

"ನೀವು ಕೇಳಲಿಲ್ಲವಲ್ಲ, ಅತ್ತೆ."

ಊಟವಾದ ಮೇಲೆ ಅವರಿಬ್ಬರೂ ಮಗುವನ್ನು ನಡುವೆ ಇಟ್ಟುಕೊಂಡು ದಡದ ಮೆಟ್ಟಿಲುಗಳವರೆಗೆ ಹೋದರು. ನನ್ನಾಕೆ ಬಗ್ಗಿ, ಬೊಗಸೆಯಲ್ಲಿ ನೀರನ್ನು ತೆಗೆದುಕೊಂಡು, ತಲೆಯ ಮೇಲೆ ಪ್ರೋಕ್ಷಿಸಿಕೊಂಡು, ಸೊಸೆಗೂ ಮೊಮ್ಮಗಳಿಗೂ ಪ್ರೋಕ್ಷಿಸಿದಳು. ಪಕ್ಕದಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ಒಬ್ಬ ವೃದ್ಧ ಜರ್ಮನ್ ಮಹಿಳೆ ಇದನ್ನು ನೋಡಿ ಏನು ತಿಳಿದಳೋ, ತಾನೂ ಗೌರವದಿಂದ ತಲೆ ಬಾಗಿದಳು. ಅವರು ಹಿಂದಿರುಗುವ ತನಕ ನಾನೂ ಮಗನೂ ಚಪಾತಿಯ ಗಂಟನ್ನು ಕಾಯುತ್ತ ಕುಳಿತಿದ್ದೆವು. ಎಲ್ಲರೂ ಹೋಗುವ ಊರಿಗೆ ಹೋಗಬಾರದೆಂಬ ನನ್ನ ಸಿದ್ಧಾಂತವನ್ನು ಮಗನು ಆಗ ಎತ್ತಿ ಆಡಲಿಲ್ಲ; ಅದು ಅವನ ದೊಡ್ಡತನ. ಮೊಮ್ಮಗಳಿಗೆ ಊರಿನ ಹೆಸರು ಬರೆದ ಒಂದು ಬಟ್ಟಲನ್ನು ಕೊಡಿಸಿದವನೂ ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಮರುದಿನ ಬೆಳಗ್ಗೆ ಒಲೆಯ ಮೇಲೆ ನೀರಿನ ಪಾತ್ರೆ ಇರಲಿಲ್ಲ. ನನ್ನಾಕೆ ನಲ್ಲಿಯನ್ನು ತಿರುಗಿಸಿ, ಆ ಹೊಸ ಬಟ್ಟಲಿನಲ್ಲಿ ನೀರು ಹಿಡಿದು ಕುಡಿದಳು. ಸೊಸೆ ದೋಸೆ ಹುಯ್ಯುತ್ತಿದ್ದಳು. ತಿರುಗಿ ನೋಡಲಿಲ್ಲ, ಆದರೆ ಕಂಡಳು.

ನೀರನ್ನು ಕಾಯಿಸುವ ಅಭ್ಯಾಸ ಮೌಢ್ಯವೆಂದು ಹೇಳುವುದು ನನ್ನ ಉದ್ದೇಶವಲ್ಲ. ಅದು ನಮ್ಮ ತಾಯಂದಿರು ಕಾಲರಾ, ವಿಷಮಜ್ವರಗಳ ಕೈಯಲ್ಲಿ ಕಲಿತ ವಿವೇಕ. ಎಷ್ಟೋ ಮನೆಗಳನ್ನು ಅದು ಕಾಪಾಡಿದೆ. ಒಬ್ಬ ಗೃಹಿಣಿ ಒಲೆಯ ಮುಂದೆ ನಿಂತು ಮಾಡಬೇಕಾದುದನ್ನು ಅಲ್ಲಿ ಮೂರು ದೇಶಗಳು ಕೂಡಿ, ಅರುವತ್ತು ವರ್ಷಗಳಿಗೂ ಮೀರಿ, ಆಕೆಗೆ ಕಾಣದಂತೆ ಮಾಡುತ್ತ ಬಂದಿವೆ, ವ್ಯತ್ಯಾಸ ಇಷ್ಟೆ.

ನಾವು ಬೆಂಗಳೂರಿಗೆ ಹಿಂದಿರುಗಿದ ಮೊದಲನೆಯ ಸಂಜೆಯೇ ನನ್ನಾಕೆ ಪಾತ್ರೆಯಲ್ಲಿ ನೀರು ಹಿಡಿದು ಒಲೆಯ ಮೇಲಿಟ್ಟಳು. ಇಟ್ಟು ನನ್ನ ಕಡೆ ನೋಡಿದಳು. ನಾನು ಏನೂ ಹೇಳಲಿಲ್ಲ. ಆ ನೋಟಕ್ಕೆ ಉತ್ತರ ಹೇಳಬೇಕಾದವನು ನಾನೊಬ್ಬನೇ ಅಲ್ಲವೆಂದು ತಮ್ಮ ಮುಂದೆ ಈ ಮಾತುಗಳನ್ನು ಆಡಿದ್ದೇನೆ.