ಸುದ್ದಿಗಾರನೂ ಕುತೂಹಲದ ಕಾದಂಬರಿಯೂ

ವೃತ್ತಪತ್ರಿಕೆಯ ಬರಹಗಾರನು ಕಾದಂಬರಿಕಾರನಾಗುವುದು ಅಪೂರ್ವವಾದ ಸಂಗತಿಯಲ್ಲ. ನಮ್ಮ ನಾಡಿನಲ್ಲಿಯೇ, ಪತ್ರಿಕಾಕರ್ತರೂ ಕನ್ನಡ ಚಳವಳಿಯ ಮುಂದಾಳುಗಳೂ ಆಗಿದ್ದ ಮ. ರಾಮಮೂರ್ತಿಯವರು (1918–1967) ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಆದರೆ ಒಂದು ವೃತ್ತಿಯ ಅಭ್ಯಾಸವು ಮತ್ತೊಂದಕ್ಕೆ ಒದಗುವ ಬಗೆಯನ್ನು ಅರಿಯಲು ಆಂಗ್ಲ ಲೇಖಕ ಫ್ರೆಡರಿಕ್ ಫೋರ್ಸೈತರ (1938–2025) ಜೀವಿತವು ಒಳ್ಳೆಯ ನಿದರ್ಶನ.

ಅವರು 1961ರಲ್ಲಿ ರಾಯಿಟರ್ಸ್ ಸಂಸ್ಥೆಯನ್ನು ಸೇರಿ, ಫ್ರಾನ್ಸಿನ ಅಧ್ಯಕ್ಷ ದಗಾಲರ ಕೊಲೆಗೆ ಸಂಚುಗಳು ನಡೆಯುತ್ತಿದ್ದ ಕಾಲದಲ್ಲಿ ಪ್ಯಾರಿಸ್ಸಿನಲ್ಲಿದ್ದರು. ಮುಂದೆ ಬಯಾಫ್ರದ ಯುದ್ಧವನ್ನು ಕಣ್ಣಾರೆ ಕಂಡು, ಕೈಯಲ್ಲಿ ಕಾಸಿಲ್ಲದೆ ಲಂಡನ್ನಿಗೆ ಮರಳಿದರು. 1970ರ ಆರಂಭದಲ್ಲಿ 35 ದಿನಗಳಲ್ಲಿ ಬರೆದು ಮುಗಿಸಿದ ಕೃತಿಯೇ ‘ದಿ ಡೇ ಆಫ್ ದಿ ಜಕಾಲ್’. ದಗಾಲರು ಕೊಲೆಯಾಗಲಿಲ್ಲವೆಂದು ಲೋಕಕ್ಕೆಲ್ಲ ತಿಳಿದಿರುವಾಗ ಈ ಕಥೆಯಲ್ಲಿ ಕುತೂಹಲವೆಲ್ಲಿಯದು ಎಂಬ ಸಂದೇಹದಿಂದ ಪ್ರಕಾಶಕರು ಹಿಂಜರಿದರು. 1971ರಲ್ಲಿ ಗ್ರಂಥವು ಹೊರಬಂದಿತು. ಮರುವರ್ಷವೇ ಅದಕ್ಕೆ ಎಡ್ಗರ್ ಪ್ರಶಸ್ತಿಯು ಸಂದಿತು.

ಪ್ರಕಾಶಕರ ಸಂದೇಹಕ್ಕೆ ಉತ್ತರವು ಸುದ್ದಿಗಾರನ ಅಭ್ಯಾಸದಲ್ಲಿಯೇ ಇತ್ತು. ‘ಏನಾಯಿತು’ ಎಂಬುದು ತಿಳಿದಿದ್ದರೂ ‘ಹೇಗೆ’ ಎಂಬುದು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಸತ್ತ ಮಗುವಿನ ಜನನಪತ್ರದಿಂದ ಕಳ್ಳ ಪಾಸ್‌ಪೋರ್ಟನ್ನು ಪಡೆಯುವ ಬಗೆಯನ್ನು ಅವರು ವರದಿಯಂತೆ ಹಂತಹಂತವಾಗಿ ಹೇಳುತ್ತಾರೆ, ನಾವು ನಂಬುತ್ತೇವೆ. ಒಂದನ್ನು ಮಾತ್ರ ಸುದ್ದಿಗಾರನು ಮರೆಯಬೇಕು: ಸುದ್ದಿಯು ಸಾರವನ್ನು ಮೊದಲ ಸಾಲಿನಲ್ಲಿಯೇ ಕೊಡುತ್ತದೆ, ಕಾದಂಬರಿಯು ಕಡೆಯವರೆಗೂ ಬಚ್ಚಿಡುತ್ತದೆ.

ಇಂತಹ ವಸ್ತುವಿಗಾಗಿ ಪ್ಯಾರಿಸ್ಸಿಗೇ ಹೋಗಬೇಕೆ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಕೆರೆಯ ನೀರು, ಅಡಕೆಯ ಧಾರಣೆ, ನ್ಯಾಯಾಲಯದ ವ್ಯಾಜ್ಯಗಳನ್ನು ಬರೆದು ಕಳುಹಿಸುವ ವರದಿಗಾರರ ಕಣ್ಣೆದುರಿಗೇ ವಸ್ತುವಿದೆ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘನು 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಸೆರೆಯಿಂದ ಹೊರಬಿದ್ದು, ದಂಡು ಕಟ್ಟಿ, ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ಧರಿಸಿ, 1800ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯ ಸೈನ್ಯದೆದುರು ಮಡಿದನು. ಇಲ್ಲಿಯೂ ಅಂತ್ಯವು ತಿಳಿದದ್ದೇ. ನಡುವಣ ಬೆನ್ನಟ್ಟುವಿಕೆಯೇ ಕಥೆ.

ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾರೆವು. ಕಾದಂಬರಿಯು ಸುದ್ದಿಯಿಂದ ಸಾಲ ತರಬಹುದು. ಸುದ್ದಿಯು ಕಾದಂಬರಿಯಿಂದ ಸಾಲ ತರಬಾರದು. ಓದುಗರ ನಂಬಿಕೆಯೇ ಎರಡಕ್ಕೂ ಮೂಲಧನ. ಪತ್ರಿಕೆಯಲ್ಲಿ ಅದನ್ನು ಕಳೆದುಕೊಂಡವನು ಕಥೆಯಲ್ಲಿ ಅದನ್ನು ಸಂಪಾದಿಸುವುದು ಕಷ್ಟ.