ಕೆಂಪು ನೆಲದ ಗುಟ್ಟು ನೀರಿನಲ್ಲಿದೆ



ಮೈಸೂರು ಸೀಮೆಯ ಎಷ್ಟೋ ಊರುಗಳಂತೆ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯೂ ಹಳೆಯ ಮನೆಯ ಹಜಾರಕ್ಕೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ನೆಲ. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಂತಾದ ಈ ನೆಲಕ್ಕೆ ಜನರ ಬಾಯಲ್ಲಿರುವ ಹೆಸರು 'ರೆಡ್ ಆಕ್ಸೈಡ್'. ಮನೆ ರಿಪೇರಿ ಎಂದೊಡನೆ ಈಗ ಮೊದಲು ಹಾರೆಯ ಏಟು ಬೀಳುವುದೂ ಇದಕ್ಕೇ. ಆ ಜಾಗಕ್ಕೆ ಟೈಲ್ಸ್ ಬರುತ್ತದೆ.

ಕೆಲವರು ಹಳೆಯದರ ಮೇಲಿನ ಆಸೆಯಿಂದ ಹೊಸ ಮನೆಗೂ ಕೆಂಪು ನೆಲ ಹಾಕಿಸುತ್ತಾರೆ. ಎಷ್ಟೋ ಕಡೆ ಅದು ಬೇಗನೆ ಕೂದಲೆಳೆಯಂಥ ಬಿರುಕು ಬಿಟ್ಟು ಮಾಸಿಹೋಗುತ್ತದೆ. 'ಆ ಕಾಲದ ಬಣ್ಣ ಈಗೆಲ್ಲಿ ಸಿಗುತ್ತದೆ?' ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ತಪ್ಪು ಬಣ್ಣದ್ದೇ?

ಈ ಬಣ್ಣ ಬೇರೇನೂ ಅಲ್ಲ, ಕಬ್ಬಿಣದ ಆಕ್ಸೈಡು. ಗೋಡೆಗೆ ಬಳಿಯುವ ಕೆಮ್ಮಣ್ಣಿನ ಕೆಂಪೂ ಇದರಿಂದಲೇ ಬಂದದ್ದು. ಬಿಸಿಲಿಗಾಗಲಿ, ಸಿಮೆಂಟಿನ ಕ್ಷಾರಕ್ಕಾಗಲಿ ಇದು ಸುಲಭವಾಗಿ ಮಾಸುವುದಿಲ್ಲ. ಹಾಗಾದರೆ ನೆಲವನ್ನು ಕೆಡಿಸುವುದು ಯಾವುದು? ಬಹುಮಟ್ಟಿಗೆ ನೀರು. ಬೇಡದಿದ್ದಾಗ ಹೆಚ್ಚಾದ ನೀರು, ಬೇಕಾದಾಗ ಸಿಗದ ನೀರು.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ನೀರನ್ನು ತನ್ನೊಳಗೆ ಸೇರಿಸಿಕೊಂಡು ಕಲ್ಲಾಗುತ್ತದೆ. ಇದೊಂದು ರಾಸಾಯನಿಕ ಕ್ರಿಯೆ. ಕಲಸುವಾಗ ನೀರು ಅತಿಯಾದರೆ ಮಿಕ್ಕ ನೀರು ಆವಿಯಾಗಿ, ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಾಕಿದ ಮೇಲೆ ನೀರು ಬೇಗ ಆರಿಹೋದರೆ ಮೇಲ್ಪದರ ಕಲ್ಲಾಗುವ ಮೊದಲೇ ಪುಡಿಯಾಗುತ್ತದೆ, ಬಿರಿಯುತ್ತದೆ.

ಸಿಮೆಂಟಿಗೂ ಕಲ್ಲಿಗೂ ಇರುವ ನಂಟು ಅದರ ಹೆಸರಿನಲ್ಲೇ ಇದೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟು ಪಡೆದಾಗ ಅದನ್ನು 'ಪೋರ್ಟ್‌ಲ್ಯಾಂಡ್ ಸಿಮೆಂಟು' ಎಂದು ಕರೆದ. ಪೋರ್ಟ್‌ಲ್ಯಾಂಡ್ ಎಂಬಲ್ಲಿ ಸಿಗುವ ಹೆಸರುವಾಸಿ ಕಟ್ಟಡದ ಕಲ್ಲಿನಂತೆ ಇದು ಕಾಣುತ್ತದೆ ಎಂಬುದೇ ಅದಕ್ಕೆ ಕಾರಣ. ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ನಿಂತಿರುವ, 17ನೇ ಶತಮಾನದ ಬಳೆ ಮಂಟಪವನ್ನು ನೋಡಿದವರಿಗೆ ಅಲ್ಲಿನ ಕಲ್ಲಿನ ಬಳೆಗಳ ಸರಪಳಿ ನೆನಪಿರಬಹುದು. ಆ ಶಿಲ್ಪಿ ಕಲ್ಲನ್ನು ಕಡೆದು ಅಂದ ತಂದ. ಗಾರೆ ಮೇಸ್ತ್ರಿ ಪುಡಿಯನ್ನು ಕಲ್ಲಾಗಿಸಿ ಅಂದ ತರಬೇಕು. ಅವನ ಕೈಯಲ್ಲಿರುವ ಮುಖ್ಯ ಸಾಧನ ನೀರು.

ಚಳಿದೇಶಗಳಲ್ಲಿ ಇದೇ ನೀರು ಬೇರೊಂದು ಬಗೆಯಲ್ಲಿ ಕಾಡುತ್ತದೆ. ಕೆನಡಾದಲ್ಲಿ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ಮನೆಯಂಗಳದ ಕಾಂಕ್ರೀಟಿಗೆ ಬಣ್ಣ ಬೆರೆಸಿ, ಹಸಿಯಿರುವಾಗಲೇ ಅಚ್ಚು ಒತ್ತಿ ಇಟ್ಟಿಗೆಯಂತೆ, ಚಪ್ಪಡಿಯಂತೆ ಕಾಣಿಸುವ ರೂಢಿಯಿದೆ. ಚಳಿಗಾಲದಲ್ಲಿ ಅದರ ರಂಧ್ರಗಳಿಗೆ ಇಳಿದ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುವುದರಿಂದ, ಕರಗಿ ಮತ್ತೆ ಹೆಪ್ಪುಗಟ್ಟುವ ಪ್ರತಿಯೊಂದು ಸಲವೂ ಮೇಲ್ಪದರ ಚಕ್ಕೆಚಕ್ಕೆಯಾಗಿ ಏಳುತ್ತದೆ. ಹಿಮ ಕರಗಿಸಲು ಎರಚುವ ಉಪ್ಪು ಹಾನಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದಕ್ಕೆ 1930ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಉಪಾಯ ಕಂಡುಕೊಂಡರು. ಕಲಸುವಾಗಲೇ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸಿದರೆ, ಹಿಗ್ಗುವ ನೀರಿಗೆ ಜಾಗ ಸಿಗುತ್ತದೆ.

ಚಳಿನಾಡಿನ ನೆಲದ ಮತ್ತೊಂದು ಪಾಠ ಟಿಬೆಟ್ಟಿನದು. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ವಸತಿ ಇದೆ. ಅವರ ಮೂಲ ನಾಡಿನ ಮಠಗಳಲ್ಲಿ, ದೊಡ್ಡ ಮನೆಗಳಲ್ಲಿ ನೆಲಕ್ಕೂ ಮಾಳಿಗೆಗೂ 'ಅರ್ಗ' ಎಂಬ ಗಾರೆ ಹಾಕುವ ಪದ್ಧತಿ ಇತ್ತು. ಅದಕ್ಕೆ ಸಿಮೆಂಟು ಬೇಕಿರಲಿಲ್ಲ. ಕಲ್ಲುಪುಡಿ ಮತ್ತು ಜೇಡಿಮಣ್ಣಿಗೆ ನೀರು ಹಾಕಿ, ಸಾಲಾಗಿ ನಿಂತ ಕೆಲಸದವರು ಹಾಡಿನ ತಾಳಕ್ಕೆ ದಿನಗಟ್ಟಲೆ ಬಡಿಯುತ್ತಿದ್ದರು. ಕೊನೆಗೆ ಮರದ ತೊಗಟೆಯ ಲೋಳೆ, ಎಣ್ಣೆ ಹಚ್ಚಿ ಉಜ್ಜಿದರೆ ನೆಲ ಹೊಳೆಯುತ್ತಿತ್ತು, ನೀರೂ ಒಳಗಿಳಿಯುತ್ತಿರಲಿಲ್ಲ. ನಮ್ಮಲ್ಲಿ ಕೆಂಪು ನೆಲಕ್ಕೆ ತೆಂಗಿನೆಣ್ಣೆ ಸವರಿ ಉಜ್ಜುವುದರ ಹಿಂದಿನ ತಿಳಿವಳಿಕೆಯೂ ಇದೇ.

ಬಿಳಿಗಿರಿರಂಗನ ಬೆಟ್ಟದ ಮಾರ್ಗಶಿರದ ಚಳಿ ಎಷ್ಟೇ ಕಟುವಾದರೂ ಮನೆಯ ನೆಲವನ್ನು ಒಡೆಯುವಂಥದಲ್ಲ. ಇಲ್ಲಿನ ಶತ್ರು ಬಿಸಿಲು. ಅಲ್ಲಿ ನೀರು ಒಳಹೋಗದಂತೆ ಕಾಯಬೇಕು, ಇಲ್ಲಿ ಮೊದಲ ಕೆಲವು ದಿನ ನೀರು ಹೊರಹೋಗದಂತೆ ಕಾಯಬೇಕು.

ಹಾಗಾದರೆ ಕೆಂಪು ನೆಲ ಹಾಕಿಸುವವರು ಗಮನಿಸಬೇಕಾದ್ದೇನು? ಆಕ್ಸೈಡು ಸಿಮೆಂಟಿನ ತೂಕದ ಹತ್ತನೇ ಒಂದು ಭಾಗವನ್ನು ಮೀರಬಾರದು. ಹೆಚ್ಚು ಹಾಕಿದರೆ ಬಣ್ಣ ಗಾಢವಾಗುವುದಿಲ್ಲ, ನೆಲ ಮಾತ್ರ ದುರ್ಬಲವಾಗುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನು ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿ ಜರಡಿ ಹಿಡಿಯಬೇಕು. ಕೋಣೆಯನ್ನು ಒಂದೇ ಸಲಕ್ಕೆ ಮುಗಿಸದಿದ್ದರೆ ಸೇರಿದ ಗೆರೆ ಎದ್ದು ಕಾಣುತ್ತದೆ. ಕರಣೆ ಓಡುವುದಿಲ್ಲವೆಂದು ಮೇಲೆ ನೀರು ಚಿಮುಕಿಸಬಾರದು. ನೆಲ ಬಿಗಿದ ಮೇಲೆ ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿ, ಬಿಸಿಲು ಬೀಳದಂತೆ, ಯಾರೂ ಓಡಾಡದಂತೆ ನೋಡಿಕೊಳ್ಳಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಅವಸರಪಟ್ಟು ಬಿಟ್ಟುಬಿಡುವುದು ಈ 7 ದಿನಗಳನ್ನೇ.

'ಚಳಿಯಲ್ಲಿ ಸಿಮೆಂಟು ನೆಲ ಕಾಲು ಕೊರೆಯುತ್ತದೆ' ಎಂಬ ವಯಸ್ಸಾದವರ ದೂರು ಸುಳ್ಳಲ್ಲ. ನೆಲ, ಅದರ ಮೇಲಿನ ಚಾಪೆ ಎರಡರ ಉಷ್ಣತೆ ಹೆಚ್ಚುಕಡಿಮೆ ಒಂದೇ. ಆದರೆ ಸಿಮೆಂಟು ಪಾದದ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಚಾಪೆ ನಿಧಾನವಾಗಿ. ಟೈಲ್ಸ್ ಹಾಕಿಸಿದರೆ ಈ ತೊಂದರೆ ತಪ್ಪುವುದಿಲ್ಲ, ಅದೂ ಅಷ್ಟೇ ತಣ್ಣಗಿರುತ್ತದೆ. ಮಂಚದ ಪಕ್ಕ ಒಂದು ಚಾಪೆ ಹಾಸಿದರೆ ಸಾಕು.

ಆದ್ದರಿಂದ ಹಳೆಯ ನೆಲಕ್ಕೆ ಹಾರೆ ಹಾಕುವ ಮುನ್ನ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಪದರ ಬಿಟ್ಟುಕೊಂಡಿದೆ ಎಂದರ್ಥ, ಆ ಭಾಗವನ್ನು ತೆಗೆಸಬೇಕಾದೀತು. ಗಟ್ಟಿ ಸದ್ದು ಬಂದರೆ ಚೆನ್ನಾಗಿ ತೊಳೆದು, ಒಣಗಿಸಿ, ಎಣ್ಣೆಯನ್ನೋ ಮೇಣವನ್ನೋ ಹಚ್ಚಿ ಉಜ್ಜಿ. ಎಂದೋ ಒಬ್ಬ ಮೇಸ್ತ್ರಿ ಮೊಣಕಾಲೂರಿ ಕುಳಿತು ಕರಣೆ ಎಳೆದ ಆ ನೆಲ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.