ಗೋಡೆಯ ಮೇಲಿನ ಕೋವಿ

ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಆಳೆತ್ತರಕ್ಕೆ ಎರಡು ಮರದ ಗೂಟಗಳಿವೆ. ಈಗ ಅವುಗಳ ಮೇಲೆ ನನ್ನ ಕೊಡೆಯೊಂದು, ರಜೆಗೆ ಬರುವ ಮೊಮ್ಮಗನ ಟೋಪಿಯೊಂದು ತೂಗುತ್ತಿರುತ್ತವೆ. ಅಜ್ಜನ ಕಾಲದಿಂದ ಮೊನ್ನೆ ಮೊನ್ನೆಯವರೆಗೆ ಆ ಗೂಟಗಳ ಮೇಲೆ ಅಡ್ಡಲಾಗಿ ಮಲಗಿದ್ದುದು ಕೋವಿ. ಅದು ಅಲ್ಲಿಂದ ಇಳಿದ ಬಗೆಯನ್ನೂ, ಇಳಿಸುವುದಕ್ಕೆ ನನಗೆ ಇಷ್ಟು ಕಾಲ ಏಕೆ ಬೇಕಾಯಿತೆಂಬುದನ್ನೂ ಕೇಳುಗರ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಪಟ್ಟಣದಲ್ಲಿ ಬೆಳೆದವರಿಗೆ, ಅಡಿಕೆ ತೋಟದ ಗೃಹಸ್ಥನಿಗೆ ಕೋವಿಯೇಕೆ ಎಂಬ ಸಂದೇಹ ಬರುವುದು ಸಹಜ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡದ ಅಂತರ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಆ ಅಂತರ ಇನ್ನೂ ಹೆಚ್ಚು. ಗದ್ದೆಗೆ ಹಂದಿ ಇಳಿಯುತ್ತದೆ, ತೋಟಕ್ಕೆ ಮಂಗನ ಹಿಂಡು ನುಗ್ಗುತ್ತದೆ. ಅಡಿಕೆ ಮಾರಿದ ಹಣ ಮನೆಯಲ್ಲಿದೆಯೆಂಬ ಸುದ್ದಿ ಹಬ್ಬಿದ ಇರುಳು ಯಜಮಾನನಿಗೆ ನಿದ್ದೆ ಹತ್ತುವುದಿಲ್ಲ. 1959ರ ಆಯುಧ ಕಾಯಿದೆಯೂ ಈ ಬಗೆಯ ಬದುಕನ್ನು ಕಂಡೇ ರಚಿತವಾದುದು. ಬೆಳೆಯ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೂ, ರಕ್ಷಣೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕಿಗೂ ಪರವಾನಗಿ ಕೊಡುವ ಮಾತು ಅದರಲ್ಲಿದೆ. ಆದ್ದರಿಂದ ಕೋವಿ ನಮ್ಮಲ್ಲಿ ಶೌರ್ಯದ ಲಾಂಛನವಲ್ಲ. ಹಾರೆ ಗುದ್ದಲಿಗಳಂತೆ ಅದೂ ಒಂದು ಉಪಕರಣ. ನವರಾತ್ರಿಯಲ್ಲಿ ಅವುಗಳ ಜತೆಗೇ ಅದಕ್ಕೂ ಕುಂಕುಮ ಹೂವು ಏರುತ್ತವೆ.

ಅಜ್ಜನದು ಕೇಪಿನ ಕೋವಿ. ಮದ್ದು ಸುರಿದು, ತೆಂಗಿನ ನಾರನ್ನು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿದು, ಕೊನೆಗೆ ಹಿಂಭಾಗದ ತುದಿಗೆ ಕೇಪು ಕೂರಿಸಿದರೆ ಅದು ಈಡಿಗೆ ಸಿದ್ಧ. ಈ ಕೋವಿಗೆ ಒಂದು ಗುಣವುಂಟು. ತುಂಬುವುದು ಸುಲಭ, ಬರಿದು ಮಾಡುವುದು ಕಷ್ಟ. ಒಮ್ಮೆ ಗಿಡಿದ ಮದ್ದನ್ನು ಹೊರತೆಗೆಯಬೇಕಾದರೆ ಈಡನ್ನು ಹೊಡೆಯಬೇಕು, ಇಲ್ಲವೆ ತಿರುಪು ಮೊಳೆಯಂಥ ಸಲಾಕೆ ಹಾಕಿ ನಾಜೂಕಾಗಿ ಕೀಳಬೇಕು. ಹಂದಿ ಬಾರದ ರಾತ್ರಿ ಮದ್ದನ್ನು ಸುಮ್ಮನೆ ಸುಟ್ಟು ಹಾಳುಮಾಡುವವರಾರು? ಕೇಪನ್ನಷ್ಟೇ ತೆಗೆದು, ತುಂಬಿದ ಕೋವಿಯನ್ನು ಹಾಗೆಯೇ ಗೂಟಕ್ಕೇರಿಸುವುದು ಅಜ್ಜನ ಕ್ರಮ. ಕೇಪಿಲ್ಲದ ಕೋವಿ ಹಲ್ಲು ಕಿತ್ತ ಹಾವು ಎಂದು ಅವರ ನಂಬಿಕೆ. ಕಿತ್ತ ಹಲ್ಲು ಅವರ ಎಲೆಯಡಿಕೆ ಸಂಚಿಯಲ್ಲಿ ಪುಟ್ಟದೊಂದು ಹಿತ್ತಾಳೆ ಡಬ್ಬಿಯೊಳಗಿರುತ್ತಿತ್ತು.

"ಕೋವಿ ಮುಟ್ಟಿದವನ ಕೈ ಮುರಿದೇನು" ಎಂಬ ಮಾತನ್ನು ಕೇಳಿಯೇ ನಾವು ಮಕ್ಕಳು ಬೆಳೆದೆವು. ನಮಗೆ ಕೋವಿಯೆಂದರೆ ಏನೆಂದು ತಿಳಿಯದೆ ಇರಲಿಲ್ಲ. ಅದರ ಈಡಿಗೆ ಸತ್ತು ಬಿದ್ದ ಹಂದಿಯನ್ನು ಕಂಡವರು ನಾವು. ಆದರೂ 1962ರ ಅಡಿಕೆ ಕೊಯ್ಲಿನ ದಿನಗಳ ಒಂದು ಮಧ್ಯಾಹ್ನ, ದೊಡ್ಡವರೆಲ್ಲ ತೋಟದಲ್ಲಿದ್ದಾಗ, ಎಂಟು ವರ್ಷದ ನಾನೂ ಆರು ವರ್ಷದ ದೊಡ್ಡಪ್ಪನ ಮಗನೂ ಅಕ್ಕಿ ಪೆಟ್ಟಿಗೆಯನ್ನು ಗೋಡೆಗೆ ನೂಕಿ, ಅದರ ಮೇಲೆ ಹತ್ತಿ, ಕೋವಿಯನ್ನು ಇಳಿಸಿದೆವು. ಅಜ್ಜನ ಸಂಚಿ ಅಂದು ಜಗಲಿಯಲ್ಲೇ ಉಳಿದಿತ್ತು. ಕೇಪು ಕೂರಿಸುವ ಕೆಲಸ ಅವನ ಸಣ್ಣ ಬೆರಳುಗಳಿಗೆ ಸಲೀಸಾಯಿತು. ಒಳಗೆ ಏನಿದೆ ನೋಡೋಣವೆಂದು ಅವನು ನಳಿಗೆಯ ಬಾಯಿಗೆ ಕಣ್ಣಿಟ್ಟ. "ಏನೂ ಕಾಣುವುದಿಲ್ಲ" ಎಂದು ಎದ್ದು ಪಕ್ಕಕ್ಕೆ ಬಂದ. ನಾನು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳುಗಳಿಂದ ಅದರ ಕುದುರೆಯನ್ನು ಹಿಂದಕ್ಕೆಳೆದೆ. ಬೆರಳು ಜಾರಿತು.

ಚರೆ ಮಾಡಿನ ಹೆಂಚುಗಳನ್ನು ಒಡೆದುಕೊಂಡು ಹೋಯಿತು. ಅವನ ಎಡಗಿವಿಯಿಂದ ರಕ್ತ ಬಂತು. ಆ ಕಿವಿಗೆ ಅವನಿಗೆ ಇಂದಿಗೂ ಸರಿಯಾಗಿ ಕೇಳಿಸದು. ಅವನು ಎದ್ದು ಬಂದದ್ದಕ್ಕೂ ನನ್ನ ಬೆರಳು ಜಾರಿದ್ದಕ್ಕೂ ನಡುವೆ ಇದ್ದ ಕಾಲವನ್ನು ನಾನು ಈ ವಯಸ್ಸಿನಲ್ಲಿಯೂ ರಾತ್ರಿ ಎಚ್ಚರವಾದಾಗ ಅಳೆಯುವುದುಂಟು.

ತೋಟದಿಂದ ಓಡಿ ಬಂದ ಅಜ್ಜ ನಮ್ಮ ಕೈ ಮುರಿಯಲಿಲ್ಲ. ಹೊಗೆ ತುಂಬಿದ ಜಗಲಿಯಲ್ಲಿ ಕುಳಿತು, ಇಬ್ಬರನ್ನೂ ಎಳೆದು ಎದೆಗೊತ್ತಿಕೊಂಡು, "ಮದ್ದು ತುಂಬಿದವನು ನಾನು" ಎಂದಷ್ಟೇ ಹೇಳಿದರು. ಅಂದಿನಿಂದ ಅವರು ಬದುಕಿರುವ ತನಕ ತುಂಬಿದ ಕೋವಿ ಮನೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ಸಂಜೆ ಗದ್ದೆಯ ಅಂಚಿನಲ್ಲಿ ಒಂದು ಈಡು ಕೇಳಿಸಿತೆಂದರೆ ಅಜ್ಜ ಕೋವಿ ಬರಿದು ಮಾಡಿದರು, ಇನ್ನು ಮನೆಗೆ ಬರುತ್ತಾರೆ ಎಂದು ಅಜ್ಜಿ ಒಲೆಯ ಮೇಲೆ ನೀರಿಡುತ್ತಿದ್ದರು.

ಇಷ್ಟು ಕಂಡ ನಾನು ಜಾಣನಾಗಬೇಕಿತ್ತು. ಆಗಲಿಲ್ಲ. ಯಜಮಾನಿಕೆ ನನ್ನ ಪಾಲಿಗೆ ಬಂದಾಗ ಹಳೆಯ ಕೋವಿಯನ್ನು ಸರ್ಕಾರಕ್ಕೊಪ್ಪಿಸಿ 12 ಬೋರಿನ ಒಂಟಿ ನಳಿಗೆಯ ತೋಟಾ ಬಂದೂಕನ್ನು ತಂದೆ. ಸ್ವಲ್ಪ ಕಾಲ ಬರಿದಾಗಿಯೇ ಇಟ್ಟಿದ್ದೆ. ಆಮೇಲೆ ಪಕ್ಕದ ಊರಿನ ಒಂಟಿ ಮನೆಯೊಂದಕ್ಕೆ ಕಳ್ಳರು ನುಗ್ಗಿ ವೃದ್ಧ ದಂಪತಿಗಳನ್ನು ಕಟ್ಟಿಹಾಕಿದ ಸುದ್ದಿ ಬಂತು. ಅಂದು ರಾತ್ರಿ ಒಂದು ತೋಟಾವನ್ನು ಒಳಗೆ ಹಾಕಿಯೇ ಬಂದೂಕನ್ನು ಅದೇ ಗೂಟಗಳ ಮೇಲಿಟ್ಟು ಮಲಗಿದೆ. ಮನೆಯಲ್ಲಿ ನಾವಿಬ್ಬರೇ ಮುದುಕರು. ಮಕ್ಕಳ ಮಾತು ಮನಸ್ಸಿಗೆ ಬರಲಿಲ್ಲ. ಒಂದು ರಾತ್ರಿಯ ಅಂಜಿಕೆ ಹತ್ತಾರು ವರ್ಷಗಳ ರೂಢಿಯಾಯಿತು.

ಕಳೆದ ಬೇಸಿಗೆಯಲ್ಲಿ ಮಗ, ಸೊಸೆ, ಐದು ವರ್ಷದ ಮೊಮ್ಮಗ ಬಂದರು. ಬಂದ ಸಂಜೆಯೇ ಸೊಸೆ ಜಗಲಿಯಲ್ಲಿ ನಿಂತು ಗೋಡೆ ನೋಡಿದಳು. "ಮಾವ, ಅದರಲ್ಲಿ ತೋಟಾ ಇದೆಯೆ?" ಎಂದು ಮೆಲ್ಲಗೆ ಕೇಳಿದಳು. ಇದೆ ಎಂದೆ. "ಹಾಗಾದರೆ ಮಗುವನ್ನು ಇಲ್ಲಿ ಬಿಟ್ಟು ಹೋಗುವುದಕ್ಕೆ ನನಗೆ ಧೈರ್ಯವಿಲ್ಲ. ನೀವು ಬೇಸರಿಸಬಾರದು."

ಬೇಸರವಾಗದೆ ಇರುತ್ತದೆಯೆ? ಒಂದು ತಿಂಗಳು ಮೊಮ್ಮಗನೊಡನೆ ಇರುವ ಆಸೆಯಿಂದ ಮಾವಿನಹಣ್ಣು ಕಾಯ್ದಿಟ್ಟಿದ್ದವನು ನಾನು. "ಅವನಿಗೆ ತಿಳಿಸಿ ಹೇಳೋಣ, ಅಮ್ಮಾ. ಬುದ್ಧಿವಂತ ಹುಡುಗ, ಮುಟ್ಟುವುದಿಲ್ಲ" ಎಂದೆ. ಅವಳು ಶಾಲೆಯಲ್ಲಿ ಉಪಾಧ್ಯಾಯಿನಿ. ಹೇಳಿಕೊಟ್ಟದ್ದರಲ್ಲಿ ಎಷ್ಟು ನಿಲ್ಲುತ್ತದೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳು ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯ ವಿಷಯ ಹೇಳಿದಳು.

ಅದು 2001ರಲ್ಲಿ ಅಲ್ಲಿಯ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟವಾದುದು. 8ರಿಂದ 12 ವರ್ಷದ 64 ಮಂದಿ ಹುಡುಗರನ್ನು ಇಬ್ಬರು ಮೂವರಂತೆ 29 ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಅಲ್ಲಿಯ ಮೇಜಿನ ಖಾನೆಯಲ್ಲಿ ನಿಜವಾದ, ಆದರೆ ಗುಂಡು ಹಾರದಂತೆ ಮಾಡಿದ ಪಿಸ್ತೂಲೊಂದನ್ನು ಅಡಗಿಸಿಟ್ಟಿದ್ದರು. 21 ಗುಂಪುಗಳ ಹುಡುಗರು ಅದನ್ನು ಹುಡುಕಿ ತೆಗೆದರು. 16 ಗುಂಪುಗಳಲ್ಲಿ ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಯಾರೋ ಒಬ್ಬರು ಟ್ರಿಗರನ್ನು ಎಳೆದೇಬಿಟ್ಟರು. ಹೀಗೆ ಮುಟ್ಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ, ಪಿಸ್ತೂಲಿನ ಅಪಾಯದ ಬಗ್ಗೆ ಮೊದಲೇ ಪಾಠ ಹೇಳಿಸಿಕೊಂಡಿದ್ದವರು!

ನನಗೆ ಉತ್ತರ ಹೊಳೆಯಲಿಲ್ಲ. ಆ ಹತ್ತು ಗುಂಪುಗಳ ಜತೆಗೆ ಹನ್ನೊಂದನೆಯದು ನಮ್ಮ ಅಕ್ಕಿ ಪೆಟ್ಟಿಗೆಯ ಮೇಲೆ ನಿಂತಿತ್ತಲ್ಲ! ಮಗುವಿಗೆ ಹೇಳಬೇಕು, ನಿಜ. ಆದರೆ ಕುತೂಹಲವೇ ಮಗುವಿನ ಧರ್ಮ. ಅದನ್ನು ಗದರಿಸಿ ಅಡಗಿಸಿದೆನೆಂದು ತಿಳಿದವನು ತನ್ನ ಜವಾಬ್ದಾರಿಯನ್ನು ಐದು ವರ್ಷದ ಹೆಗಲಿಗೆ ವರ್ಗಾಯಿಸಿ ನಿದ್ದೆ ಹೋಗುತ್ತಾನೆ, ಅಷ್ಟೆ. ಕಳ್ಳ ಬರುವುದು ಎಂದೋ, ಬಾರದೆಯೂ ಇರಬಹುದು. ಮಗು ಬೆಳಗಿನಿಂದ ರಾತ್ರಿಯವರೆಗೆ ಜಗಲಿಯಲ್ಲೇ ಇರುತ್ತದೆ. ಕಳ್ಳನಿಗೆಂದು ತುಂಬಿಟ್ಟ ಕೋವಿ ದಿನವೆಲ್ಲ ತುಂಬಿರುವುದು ಮಗುವಿಗಾಗಿ.

ಹಾಗೆಂದು ಕೋವಿಯನ್ನೇ ತ್ಯಜಿಸಿದೆನೆ? ಇಲ್ಲ. ಅವರೆಲ್ಲ ಊರಿಗೆ ಮರಳಿದರೆ ಮತ್ತೆ ಈ ಗುಡ್ಡದ ನಡುವೆ ನಾವಿಬ್ಬರೇ. ಆದ್ದರಿಂದ ಮರುದಿನ ನಾನೂ ಮಗನೂ ಕುಳಿತು ಲೆಕ್ಕ ಹಾಕಿದೆವು. ಬಂದೂಕನ್ನು ಬರಿದು ಮಾಡಿ ಮಲಗುವ ಕೋಣೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುವುದು. ತೋಟಾಗಳನ್ನು ಬೇರೊಂದು ಪೆಟ್ಟಿಗೆಯಲ್ಲಿ, ಬೇರೊಂದು ಗೂಡಿನಲ್ಲಿ, ಬೇರೆ ಬೀಗದಲ್ಲಿ ಇಡುವುದು. ಎರಡೂ ಬೀಗದ ಕೈಗಳು ನನ್ನ ಉಡಿದಾರದಲ್ಲಿ. ದೇವರ ಪಟದ ಹಿಂದೆಯೂ ಅಲ್ಲ, ಸಾಸಿವೆ ಡಬ್ಬಿಯಲ್ಲೂ ಅಲ್ಲ. ಮನೆಯ ಗುಟ್ಟಿನ ಜಾಗಗಳೆಲ್ಲ ಮಕ್ಕಳಿಗೆ ದೊಡ್ಡವರಿಗಿಂತ ಮೊದಲೇ ಗೊತ್ತಿರುತ್ತವೆ. 2005ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳುತ್ತದಂತೆ. ಬಂದೂಕಿಗೆ ಬೀಗ, ಬರಿದು ನಳಿಗೆ, ತೋಟಾಕ್ಕೆ ಬೀಗ, ಎರಡಕ್ಕೂ ಬೇರೆ ಬೇರೆ ಜಾಗ: ಈ ನಾಲ್ಕರಲ್ಲಿ ಒಂದೊಂದೂ ಎಳೆಯರ ಪ್ರಾಣಕ್ಕೆ ಕಾವಲಾಗಿತ್ತು. ಆಟದ ಅವಘಡಗಳಲ್ಲಿ ಮಾತ್ರವಲ್ಲ, ಮನಸ್ಸು ಮುರಿದ ಹದಿಹರೆಯದವರ ದುಡುಕಿನ ಗಳಿಗೆಯಲ್ಲಿಯೂ. ನಮ್ಮ ದೇಶದ 2016ರ ಆಯುಧ ನಿಯಮಗಳೂ ಪರವಾನಗಿಯೊಂದಿಗೆ ಸುರಕ್ಷಾ ತರಬೇತಿಯ ಮಾತನ್ನು ಸೇರಿಸಿವೆ.

ಕಳ್ಳ ಬಂದರೇನು ಗತಿ ಎಂಬ ಪ್ರಶ್ನೆ ಉಳಿಯಿತು. ಮಗನ ಕೈಗೆ ಗಡಿಯಾರ ಕೊಟ್ಟು, ದೀಪವಾರಿಸಿ ಮಲಗಿ, ಎದ್ದು, ಎರಡು ಬೀಗ ತೆಗೆದು ಬಂದೂಕು ಸಿದ್ಧ ಮಾಡಿದೆ. ಒಂದು ನಿಮಿಷಕ್ಕೆ ತುಸು ಹೆಚ್ಚು ಹಿಡಿಯಿತು. ಆ ಒಂದು ನಿಮಿಷವನ್ನು ಸಂಪಾದಿಸಿಕೊಡಬೇಕಾದವರು ಯಾರು? ನಮ್ಮ ನಾಯಿ ತೋಟದ ಉಣುಗೋಲಿನ ಬಳಿ ಯಾರು ಬಂದರೂ ಕೂಗುತ್ತದೆ. ಅಲ್ಲಿಂದ ಅಂಗಳಕ್ಕೆ ಮೂರು ನಿಮಿಷದ ದಾರಿ. ಹೆಬ್ಬಾಗಿಲಿಗೆ ಹಲಸಿನ ಮರದ ಅಗುಳಿ ಇದೆ. ಹಿತ್ತಿಲ ಬಾಗಿಲಿಗೆ ಇರಲಿಲ್ಲ, ಮಾಡಿಸಿದೆವು. ಅಂಗಳಕ್ಕೊಂದು ದೀಪ ಹಾಕಿಸಿದೆವು. ಬಾಗಿಲು ಮಾಡಬೇಕಾದ ಕೆಲಸವನ್ನು ಇಷ್ಟು ದಿನ ಕೋವಿಗೆ ಒಪ್ಪಿಸಿದ್ದೆನೆಂಬುದು ಆಗ ಅರಿವಾಯಿತು. ಕತ್ತಲಲ್ಲಿ ಬರುವವರೆಲ್ಲ ಕಳ್ಳರೂ ಅಲ್ಲ. ಹೆರಿಗೆ ನೋವೆಂದು ಜೀಪು ಕೇಳಲು ಆಳುಮಗ ಓಡಿ ಬಂದದ್ದು ನಡುರಾತ್ರಿಯಲ್ಲೇ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ನಮಗೆ ಕೊಟ್ಟಿದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕೊಟ್ಟಿಲ್ಲ. ಒಂದು ನಿಮಿಷದ ತಡ, ಬಂದವನಾರೆಂದು ನೋಡುವುದಕ್ಕೂ ಬೇಕು.

ಕೋವಿಯನ್ನು ಒಳಗಿಡುವುದು ಹೇಡಿತನವೆಂದು ಯಾರಾದರೂ ನಕ್ಕರೆ ಕೊಡಗಿನತ್ತ ಬೊಟ್ಟು ಮಾಡುತ್ತೇನೆ. ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಪಡೆದು, 2021ರಲ್ಲಿ ಹೈಕೋರ್ಟು ಕೂಡ ಅದನ್ನು ಎತ್ತಿಹಿಡಿದದ್ದನ್ನು ಕಂಡ ಜನ ಕೊಡವರು. ಕೋವಿಯ ಮರ್ಯಾದೆ ಅವರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು? ಅವರ ಸಂಪ್ರದಾಯದಲ್ಲಿಯೂ ಬೇಸಾಯದ ಕಾಲದಲ್ಲಿ ಆಯುಧಗಳು ದೇವರ ಕೋಣೆ ಸೇರುತ್ತಿದ್ದವು. ನಾಟಿ ಮುಗಿದ ಮೇಲೆ ಕೈಲ್‌ಪೋದ್ ಹಬ್ಬದಂದು ಅವನ್ನು ಹೊರತೆಗೆದು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಿದ್ದರು. ಆಯುಧವನ್ನು ಹಿಡಿಯುವುದಕ್ಕೆ ಒಂದು ಸಂಸ್ಕಾರವಿರುವಂತೆ ಇಡುವುದಕ್ಕೂ ಒಂದಿದೆ.

ಮೊಮ್ಮಗ ಆ ಬೇಸಿಗೆ ಒಂದು ತಿಂಗಳು ನಮ್ಮಲ್ಲೇ ಉಳಿದ. ಒಂದು ದಿನ ಗೂಟಗಳನ್ನು ತೋರಿಸಿ, "ಅಜ್ಜಾ, ಕೋವಿ ಎಲ್ಲಿ?" ಎಂದ. "ಒಳಗಿದೆ. ನೋಡಬೇಕೆನಿಸಿದರೆ ನನ್ನನ್ನು ಕೇಳು, ನಾನೇ ತೋರಿಸುತ್ತೇನೆ" ಎಂದೆ. ಎರಡು ಬಾರಿ ಕೇಳಿದ. ಎರಡು ಬಾರಿಯೂ ನಳಿಗೆ ಮುರಿದು, ಬರಿದಾಗಿರುವುದನ್ನು ಮೊದಲು ನಾನು ನೋಡಿಕೊಂಡು, ಆಮೇಲೆ ಅವನಿಗೆ ತೋರಿಸಿದೆ. ಮೂರನೆಯ ಬಾರಿ ಅವನು ಕೇಳಲಿಲ್ಲ. ಹಿತ್ತಿಲಲ್ಲಿ ನಾಯಿ ಮರಿ ಹಾಕಿತ್ತು.

ಅವನು ಮರೆತನೆಂದು ನಾನು ಬೀಗ ಹಾಕುವುದನ್ನು ಬಿಟ್ಟಿಲ್ಲ. ರಾತ್ರಿ ಮಲಗುವ ಮುನ್ನ ಉಡಿದಾರ ಮುಟ್ಟಿ ನೋಡಿಕೊಳ್ಳುವುದು ಈಗ ನನ್ನ ರೂಢಿ. ಅಜ್ಜ ಗದ್ದೆಯಂಚಿನಲ್ಲಿ ಹೊಡೆಯುತ್ತಿದ್ದ ಆ ಸಂಜೆಯ ಈಡು ಆಗ ನೆನಪಾಗುತ್ತದೆ.

(ಬಾನುಲಿ ಭಾಷಣ)